ಯಂತ್ರಕ್ಕೂ ಸೋಮವಾರ

ಧಾರವಾಡದ ಯುನಿವರ್ಸಿಟಿಯಲ್ಲಿ ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳಿಗೆ ನಮ್ಮ ಕಂಪನಿಯ ಹಲ್ಲುಚಕ್ರಗಳ ಲೆಕ್ಕದ ಯಂತ್ರ ನಡೆಸುವುದನ್ನು ಕಲಿಸುತ್ತಿದ್ದೆ. ಪರೀಕ್ಷೆಯಲ್ಲಿ ಗೆದ್ದವರಿಗೆ ಮುಂಬಯಿ ಕಚೇರಿಯಲ್ಲಿ ತರಬೇತಿ. ಎಲ್ಲರಿಗಿಂತ ಚುರುಕಾಗಿದ್ದವಳು ಅಮ್ಮಿನಬಾವಿಯ ರೈತರ ಮಗಳು ನೀಲವ್ವ. ಪರೀಕ್ಷೆಯ ದಿನ ಅವಳು ಕೈಕಟ್ಟಿ ಕುಳಿತುಬಿಟ್ಟಳು.

“ಇವತ್ತ ಸೋಮವಾರರಿ, ಬಸವಣ್ಣನ ವಾರ. ನಮ್ಮೂರಾಗ ಎತ್ತು ಹೂಡಂಗಿಲ್ಲ.”

“ಇದು ಎತ್ತಲ್ಲ, ಯಂತ್ರ,” ಎಂದೆ ಸಿಟ್ಟಿನಿಂದ.

“ಎತ್ತಿನಂಗ ದುಡಿತೈತಲ್ರಿ. ಶನಿವಾರದಿಂದ ಹಲ್ಲು ಕಡ್ಯಾಕತ್ತೈತಿ, ಯಾರೂ ಎಣ್ಣಿ ಹಾಕಿಲ್ಲ.”

ಎಣ್ಣೆ ಹಾಕಬೇಕಾದವನು ನಾನೇ. ಪರೀಕ್ಷೆಯನ್ನು ಮಂಗಳವಾರಕ್ಕೆ ಹಾಕಿದೆ, ಅವಳೇ ಗೆದ್ದಳು. ತಡವೇಕೆಂದು ಕೇಳಿದ ಮುಂಬಯಿ ಸಾಹೇಬರಿಗೆ, ಸೋಮವಾರ ಯಂತ್ರಕ್ಕೆ ಎಣ್ಣೆ ಹಾಕುವ ದಿನ ಎಂದು ಬರೆದೆ. ಅದು ಅವರಿಗೆ ಎಷ್ಟು ಹಿಡಿಸಿತೆಂದರೆ, ಎಲ್ಲ ಶಾಖೆಗಳಿಗೂ ಅದನ್ನೇ ನಿಯಮ ಮಾಡಿದರು.

ಅಂದಿನಿಂದ ಸೋಮವಾರ ಯಂತ್ರಕ್ಕೆ ರಜೆ. ಎಣ್ಣೆಡಬ್ಬಿ ಹಿಡಿದು ದುಡಿಯುವ ಎತ್ತು ನಾನು.