ವಾರಕ್ಕೊಬ್ಬ ಬುದ್ಧ

ಬೆಳಕು ಹರಿಯುವ ಮುಂಚೆ ಜಯಾ ಮಾಡಿ ಮುಗಿಸುವ ಕೆಲಸಗಳು ಇವು. ನಾಲ್ಕೂಕಾಲಿಗೆ ಎದ್ದು, ಪರದೇಶದ ಊರಿನಲ್ಲಿ ಕಿಲಿಮಾನಿ ಬಡಾವಣೆಯ ಆ ಅಪಾರ್ಟ್‌ಮೆಂಟಿಗೆ ನೀರು ಬಿಡುವ ಒಂದು ಗಂಟೆಯೊಳಗೆ ಮೂರು ಡ್ರಮ್ಮು ತುಂಬಬೇಕು. ಗಂಡ ಬದರೀನಾಥನಿಗೆ ಎರಡು ಡಬ್ಬಿ ಕಟ್ಟಬೇಕು, ತಿಂಡಿಗೊಂದು, ಊಟಕ್ಕೊಂದು. ಐದೂಮುಕ್ಕಾಲಿಗೆ ಹೊರಡದಿದ್ದರೆ ಇಂಡಸ್ಟ್ರಿಯಲ್ ಏರಿಯಾದ ಔಷಧಿ ಕಾರ್ಖಾನೆ ತಲುಪುವಷ್ಟರಲ್ಲಿ ಅವನು ಲಾರಿಗಳ ಹಿಂದೆ ಎರಡು ಗಂಟೆ ಕಳೆಯಬೇಕಾಗುತ್ತದೆ. ಮಗಳು ಗಗನಾಗೆ ಇನ್ನೊಂದು ಡಬ್ಬಿ, ಅದರಲ್ಲಿ ಇಂಗಿನ ವಾಸನೆ ಬರಕೂಡದು. ಅತ್ತೆ ಪಾರ್ವತಮ್ಮನವರಿಗೆ ಜೀರಿಗೆ ನೀರು, ಸ್ನಾನಕ್ಕೆ ಬಿಸಿನೀರು, ಮಡಿಸೀರೆ. ಆಮೇಲೆ ದೇವರ ಪಾತ್ರೆ ಬೆಳಗಿ, ಹದಿನೈದು ವಿಗ್ರಹ ತೊಳೆದು ಒರೆಸಿ ಸಾಲಾಗಿ ಇಡಬೇಕು. ಪೂಜೆ ಮಾತ್ರ ಅತ್ತೆಯದು. ಮನೆಗೆಲಸದ ವಂಜಿರು ಬರುವುದು ಎಂಟಕ್ಕೆ, ಬಂದರೂ ಅಡುಗೆಮನೆಗೂ ದೇವರ ಕೋಣೆಗೂ ಅವಳು ಕಾಲಿಡುವಂತಿಲ್ಲ. ಅದು ಅತ್ತೆಯ ಕಟ್ಟಪ್ಪಣೆ.

ಹದಿನಾಲ್ಕಿದ್ದ ವಿಗ್ರಹಗಳು ಎರಡು ವರ್ಷದಿಂದ ಹದಿನೈದಾಗಿವೆ. ಮೂರು ಕನ್ನಡದ ಮನೆಯವರು ಸೇರಿ ಬ್ಯಾಂಕಾಕಿಗೆ ಹೋಗಿದ್ದಾಗ ಬದರೀನಾಥ ಒಂದು ಬುದ್ಧನನ್ನು ತಂದಿದ್ದ. ಗೇಣುದ್ದದ ವಿಗ್ರಹ, ಚಿನ್ನದ ಬಣ್ಣ, ಬಲಗೈ ತಲೆಗೆ ಆನಿಸಿ ಮಗ್ಗುಲಾಗಿ ಮಲಗಿದ ಭಂಗಿ. ಹಾಲ್‌ನಲ್ಲಿ ಟಿವಿ ಪಕ್ಕ ಇಡೋಣವೆಂದು ಅವನ ಆಸೆ. ಪಾರ್ವತಮ್ಮ ನೋಡಿದ ಕೂಡಲೇ ಕೈಮುಗಿದರು. "ಮಲಗಿದ್ದಾನೆ ಅಂದ್ಮೇಲೆ ನಮ್ಮ ಶ್ರೀರಂಗಪಟ್ಟಣದ ರಂಗನಾಥನೇ ಕಣೋ. ಬುದ್ಧ ಅಂದ್ರೂ ದಶಾವತಾರದಲ್ಲಿ ಒಬ್ಬ ತಾನೆ? ಟಿವಿ ಪಕ್ಕ ಇಡ್ತಾರಾ?" ಅಲ್ಲಿಂದ ಬುದ್ಧನಿಗೆ ದಿನಾ ಸುಪ್ರಭಾತ, ಹಾಲಿನ ಅಭಿಷೇಕ, ತುಳಸಿ. ಕಿವಿಯ ಮಡಿಕೆಯಲ್ಲಿ ಕೂತ ಹಾಲಿನ ಜಿಡ್ಡನ್ನು ಹಳೇ ಬ್ರಷ್ಷಿನಿಂದ ತಿಕ್ಕಿ ತೆಗೆಯುವುದು ಜಯಾ. ತಿಕ್ಕಿ ತಿಕ್ಕಿ ಮೂಗಿನ ಮೇಲಿನ ಬಣ್ಣ ಎದ್ದುಹೋಗಿತ್ತು.

ಆ ಪ್ರವಾಸದಲ್ಲಿ ಜಯಾ ಕಂಡ ಬುದ್ಧ ಇವನೊಬ್ಬನೇ. ಎಂಟು ದಿನ ಅವರು ಇಳಿದುಕೊಂಡಿದ್ದು ಅಡುಗೆಮನೆ ಇರುವ ಫ್ಲ್ಯಾಟಿನಲ್ಲಿ. ಹಿರಿಯರಿಗೆ ಹೊರಗಿನ ಊಟ ಆಗದು, ಜಯಾಳ ಕೈಯಡುಗೆ ಎಲ್ಲರಿಗೂ ಇಷ್ಟ. ಉಳಿದ ಹತ್ತು ಜನ ಬೆಳಿಗ್ಗೆ ದೇವಸ್ಥಾನ ನೋಡಲು ಹೊರಟಾಗ ಅವಳು ಸಾರಿಗೆ ಬೇಳೆ ಇಡುತ್ತಿದ್ದಳು. ಬಂದವರು ಫೋಟೋ ತೋರಿಸುತ್ತ ಅನ್ನ ಕಲಸುತ್ತಿದ್ದರು.

ಈಗ ಆಗಸ್ಟ್ ರಜೆಗೆ ಅದೇ ಮೂರು ಮನೆಯವರು ಮತ್ತೆ ಅಲ್ಲಿಗೇ ಹೊರಟಿದ್ದರು. ಟಿಕೇಟು, ವೀಸಾ, ಹಳದಿ ಜ್ವರದ ಲಸಿಕೆ ಕಾರ್ಡು ಎಲ್ಲವೂ ಜಯಾಳ ತಲೆಗೇ. ರೂಮು ಮಾತ್ರ ಇನ್ನೂ ಬುಕ್ ಆಗಿರಲಿಲ್ಲ. ಈ ಸಲವಾದರೂ ಏನಾದರೂ ನೋಡುತ್ತೇನೆಯೇ ಎಂದು ಅವಳು ಯಾರನ್ನೂ ಕೇಳಿರಲಿಲ್ಲ. ಕೇಳಿದ್ದರೆ "ಯಾರು ಬೇಡ ಅಂದ್ರು?" ಅನ್ನುತ್ತಿದ್ದರು.

ಅಂಥ ಒಂದು ಬೆಳಿಗ್ಗೆ ಮೇಲಿನ ಮಹಡಿಯ ನೊಯ್ ಬಂದಳು. ಹತ್ತಿರದ ಥಾಯ್ ಹೋಟೆಲಿನಲ್ಲಿ ಅಡುಗೆ ಮಾಡುವವಳು, ಐವತ್ತರ ಆಸುಪಾಸು. ಅವಳ ಪಾರ್ಸೆಲ್ಲನ್ನು ವಾಚ್‌ಮನ್ ತಪ್ಪಿ ಜಯಾಳ ಮನೆಗೆ ಕೊಟ್ಟುಹೋಗಿದ್ದ. ಚಪ್ಪಲಿ ಬಿಟ್ಟು ಒಳಗೆ ಬಂದವಳು ತೆರೆದಿದ್ದ ದೇವರ ಕೋಣೆಯ ಎದುರು ನಿಂತುಬಿಟ್ಟಳು. ಹೊಸ್ತಿಲಾಚೆಯೇ ಮಂಡಿಯೂರಿ, ಮೂರು ಸಲ ಹಣೆ ನೆಲಕ್ಕೆ ಮುಟ್ಟಿಸಿ ಎದ್ದಳು.

"ಮೂಗಿಗೆ ಏನಾಯ್ತು?" ಎಂದಳು. ಅವಳದು ಅರ್ಧ ಇಂಗ್ಲಿಷು, ಅರ್ಧ ಇಲ್ಲಿನ ಸ್ವಾಹಿಲಿ.

"ದಿನಾ ಹಾಲಿನ ಸ್ನಾನ," ಎಂದಳು ಜಯಾ.

ನೊಯ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. "ದಿನಾನಾ? ನಾವು ವರ್ಷಕ್ಕೊಂದು ಸಲ, ಹೊಸ ವರ್ಷಕ್ಕೆ ಒಂದು ಬಟ್ಟಲು ಪನ್ನೀರು ಹಾಕ್ತೀವಿ. ಸಾಕು. ಪಾಪ, ನೆಗಡಿ ಆಗಿರುತ್ತೆ."

"ಏನಂತೆ ಅವಳದು?" ಪಾರ್ವತಮ್ಮ ಸೋಫಾದಿಂದ ಕೇಳಿದರು.

"ದೇವರಿಗೆ ನೆಗಡಿಯಂತೆ ಅತ್ತೆ."

"ಶುಂಠಿ ಕಷಾಯ ನೈವೇದ್ಯ ಮಾಡಿದ್ರಾಯ್ತು ಬಿಡು."

ಆ ಕಷಾಯವನ್ನು ಕುದಿಸುವವರು ಯಾರೆಂದು ಜಯಾಳಿಗೆ ಗೊತ್ತಿತ್ತು. ನೊಯ್ ಮಾತ್ರ ವಿಗ್ರಹವನ್ನೇ ನೋಡುತ್ತಿದ್ದಳು. "ಇವನು ಮಂಗಳವಾರದವನು. ನೀನೂ ಮಂಗಳವಾರ ಹುಟ್ಟಿದ್ದಾ?"

ಥಾಯ್ ಜನ ಹುಟ್ಟಿದ ವಾರವನ್ನು ಮರೆಯುವುದಿಲ್ಲವಂತೆ. ವಾರವಾರಕ್ಕೆ ಒಂದೊಂದು ಭಂಗಿಯ ಬುದ್ಧ. ಗುರುವಾರಕ್ಕೆ ಧ್ಯಾನಕ್ಕೆ ಕೂತವನು, ಶನಿವಾರಕ್ಕೆ ಹಾವಿನ ಹೆಡೆಯ ಕೆಳಗಿನವನು. ಎಷ್ಟೋ ದೇವಸ್ಥಾನಗಳಲ್ಲಿ ಸಾಲಾಗಿ ನಿಲ್ಲಿಸಿರುತ್ತಾರೆ. ಜನ ತಮ್ಮ ವಾರದ ಬುದ್ಧನ ಮುಂದೆ ಹೂವಿಟ್ಟು ಬರುತ್ತಾರೆ.

"ಏಳು ಜನ ಹಾಗಾದ್ರೆ?"

"ಎಂಟು. ಬುಧವಾರಕ್ಕೆ ಇಬ್ಬರು. ಹಗಲಿಗೊಬ್ಬ, ಕತ್ತಲಾದ ಮೇಲೆ ಒಬ್ಬ. ನಿಂದು ಯಾವ ವಾರ?"

ಜಯಾಳಿಗೆ ಗೊತ್ತಿರಲಿಲ್ಲ. ಸಂಜೆ ಗಗನಾಳನ್ನು ಕೇಳಿದರೆ, "ಸಿಂಪಲ್ ಅಮ್ಮಾ, ಡೇಟ್ ಆಫ್ ಬರ್ತ್ ಗೂಗಲ್ ಮಾಡು," ಎಂದಳು. ಆದರೆ ಪಾಸ್‌ಪೋರ್ಟಿನ ಜೂನ್ ಒಂದು ಶಾಲೆಯ ಹೆಡ್‌ಮಾಸ್ತರರು ಅಂದಾಜಿಗೆ ಬರೆದ ತಾರೀಖು. ಅಣ್ಣನ ಜಾತಕವಿತ್ತು, ಅವನು ಹುಟ್ಟಿದ ಗಳಿಗೆಯೂ ಸೇರಿ. ಅವಳದನ್ನು ಯಾರೂ ಬರೆಸಿರಲಿಲ್ಲ. ಮದುವೆ ಹೊತ್ತಿಗೆ ಹೆಸರಿನ ಅಕ್ಷರ ಹಿಡಿದು ನಕ್ಷತ್ರ ಹೊಂದಿಸಿದ್ದರು. ನಲವತ್ತಾರು ವರ್ಷ ಇದು ಕೊರತೆ ಅನ್ನಿಸಿರಲಿಲ್ಲ. ಈಗ ದೋಸೆ ಹುಯ್ಯುವಾಗಲೂ ಅದೇ ಯೋಚನೆ. ತಾನು ಯಾವ ವಾರದವಳು?

ಅಮ್ಮ ಇಲ್ಲ. ಅವಳು ನಂಜನಗೂಡಿನ ಚಿಕ್ಕಮ್ಮನಿಗೆ ಫೋನು ಮಾಡಿದಳು.

"ಬುಧವಾರ ಕಣೆ," ಚಿಕ್ಕಮ್ಮ ತಟ್ಟನೆ ಹೇಳಿದರು. "ಮಾರನೇ ದಿನ ಗುರುವಾರ ನಮ್ಮಣ್ಣನ ಮದುವೆ. ಮನೆ ತುಂಬ ನೆಂಟರು."

"ಹಗಲೋ, ಕತ್ತಲಾಗಿತ್ತೋ? ನೆನಪು ಮಾಡ್ಕೊಳಿ ಚಿಕ್ಕಮ್ಮ."

"ಯಾರು ನೋಡಿದ್ರು ಗಡಿಯಾರಾನ! ಎಂಬತ್ತು ಜನದ ಹೋಳಿಗೆಗೆ ಹೂರಣ ರುಬ್ಬಬೇಕಿತ್ತು. ಅರ್ಧ ರುಬ್ಬಿ ನಿಮ್ಮಮ್ಮ ಒಳಗೆ ಹೋದ್ಲು. ಮಿಕ್ಕಿದ್ದು ನನ್ನ ತಲೆಗೆ ಬಂತು. ಅದು ಚೆನ್ನಾಗಿ ನೆನಪಿದೆ ನೋಡು, ಮೂರು ದಿನ ರಟ್ಟೆ ಎತ್ತೋಕಾಗ್ಲಿಲ್ಲ. ಯಾಕೆ, ಗಗನಾಗೆ ಗಂಡು ನೋಡ್ತಿದೀರಾ?"

"ಅವಳಿಗಿನ್ನೂ ಹದಿನೈದು ಚಿಕ್ಕಮ್ಮ. ನನಗೇ ಬೇಕಿತ್ತು."

"ನಿನಗೆ ಇನ್ನೇನಕ್ಕೆ ಈಗ?"

ಮರುದಿನ ಮಧ್ಯಾಹ್ನ ಜಯಾ ಮೇಲೆ ಹೋದಳು. ನೊಯ್‌ಳ ಮನೆಯಲ್ಲಿ ಬುದ್ಧನ ಮುಂದೆ ಇದ್ದದ್ದು ಒಂದು ಲೋಟ ನೀರು, ಎರಡು ಹೂವು, ಅಷ್ಟೆ. ಎಷ್ಟು ಹೊತ್ತಿಗೆ ಏಳುತ್ತೀಯ ಪೂಜೆಗೆ ಎಂದು ಕೇಳಿದರೆ, "ಎದ್ದಾಗ," ಎಂದಳು.

ಬುಧವಾರದ ಇಬ್ಬರನ್ನೂ ಅವಳು ಫೋನಿನಲ್ಲಿ ತೋರಿಸಿದಳು. ಹಗಲಿನವನು ಭಿಕ್ಷಾಪಾತ್ರೆ ಹಿಡಿದು ನಿಂತಿದ್ದ. ಕತ್ತಲಿನವನು ಕಾಡಿನಲ್ಲಿ ಬಂಡೆಯ ಮೇಲೆ ಕಾಲು ಇಳಿಬಿಟ್ಟು ಆರಾಮಾಗಿ ಕೂತಿದ್ದ. ಎದುರಿಗೆ ಒಂದು ಆನೆ, ಒಂದು ಕೋತಿ.

"ಇವನ್ಯಾಕೆ ಕಾಡಿಗೆ ಹೋದ?"

"ಅವನ ಭಿಕ್ಷುಗಳು ಒಬ್ಬರ ಮೇಲೊಬ್ಬರು ಜಗಳಕ್ಕೆ ಬಿದ್ದರು. ಹೇಳಿ ನೋಡಿದ, ಕೇಳಲಿಲ್ಲ. ಯಾರಿಗೂ ಹೇಳದೆ ಎದ್ದು ಹೊರಟ. ಆನೆ ನೀರು ತಂದುಕೊಟ್ಟಿತು, ಕೋತಿ ಜೇನುಹುಟ್ಟು ತಂದಿತು. ಒಂದು ಮಳೆಗಾಲ ಪೂರ್ತಿ ಅಲ್ಲೇ ಇದ್ದ."

"ಮತ್ತೆ ಆ ಜಗಳಗಂಟರಿಗೆ ಊಟ?"

ಈ ಪ್ರಶ್ನೆಯನ್ನು ನೊಯ್‌ಗೆ ಯಾರೂ ಕೇಳಿರಲಿಲ್ಲವೇನೋ. ಸ್ವಲ್ಪ ಯೋಚಿಸಿ ಹೇಳಿದಳು. "ಊರಿನವರು ಅನ್ನ ಹಾಕೋದು ನಿಲ್ಲಿಸಿದರು. ಹೊಟ್ಟೆ ಚುರುಗುಟ್ಟಿತು ನೋಡು, ಜಗಳ ನಿಂತಿತು. ಹೋಗಿ ಕ್ಷಮೆ ಕೇಳಿದರು."

ಜಯಾ ಗಟ್ಟಿಯಾಗಿ ನಕ್ಕಳು. ಆಮೇಲೆ ಅವಳ ಪ್ರಶ್ನೆಗಳು ನಿಲ್ಲಲೇ ಇಲ್ಲ. ಬ್ಯಾಂಕಾಕಿನ ವಾಟ್ ಫೋ ದೇವಸ್ಥಾನದ ಮಲಗಿದ ಬುದ್ಧ ನಿಜವಾಗಲೂ ಒಂದು ಬೀದಿಯಷ್ಟು ಉದ್ದವೇ? ಅವನ ಅಂಗಾಲಿನಲ್ಲಿ ಕಪ್ಪೆಚಿಪ್ಪಿನ ಹೊಳಪಿನಲ್ಲಿ ನೂರೆಂಟು ಚಿತ್ರಗಳಿವೆಯಂತೆ, ಏನೇನು? ಹೆಂಗಸರು ಭಿಕ್ಷುಗಳ ಕೈಗೆ ನೇರವಾಗಿ ಏನೂ ಕೊಡಬಾರದಂತೆ, ಯಾಕೆ? ಕೊನೆಯದಕ್ಕೆ ನೊಯ್ ಭುಜ ಕುಣಿಸಿದಳು. "ಅನ್ನ ಬೇಯಿಸೋದು ನಾವೇ. ಕೈ ಮಾತ್ರ ತಾಗಬಾರದು. ನಿಮ್ಮಲ್ಲಿ?"

"ನಮ್ಮಲ್ಲೂ ಅಷ್ಟೆ," ಎಂದಳು ಜಯಾ. "ನಮ್ಮತ್ತೆಗೆ ಈರುಳ್ಳಿ ಬೆಳ್ಳುಳ್ಳಿಯೂ ಆಗದು."

ನೊಯ್ ಹೋಟೆಲಿನ ಬಿಲ್ಲಿನ ಹಿಂದೆ ಒಂದು ಥಾಯ್ ಅಕ್ಷರದ ಗುರುತು ಬರೆದುಕೊಟ್ಟಳು. ಹಳದಿ ಬಾವುಟದ ಮೇಲೆ ಕೆಂಪಗೆ ಇದು ಬರೆದಿರುವ ಅಂಗಡಿಯಲ್ಲಿ ಮಾಂಸ, ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಇರುವುದಿಲ್ಲವಂತೆ. ಭಿಕ್ಷುಗಳಿಗಿಂತ ಮಡಿ. "ಅತ್ತೇನ ಅಲ್ಲಿ ಕೂರಿಸು," ಎಂದಳು.

ಕೆಳಗೆ ಬಂದಾಗ ಮನೆ ಖಾಲಿಯಿತ್ತು. ಪಾರ್ವತಮ್ಮ ಭಜನೆಗೆ ಹೋಗಿದ್ದರು, ಗಗನಾ ಇನ್ನೂ ಶಾಲೆಯಲ್ಲಿ. ಬದರೀನಾಥನ ಫೋನು ಬಂತು, ಹಿಂದೆ ಯಂತ್ರಗಳ ಸದ್ದು.

"ಜಯಾ, ಇವತ್ತೇ ಬುಕ್ ಮಾಡಿಬಿಡೇ, ಎಲ್ಲರೂ ಕೇಳ್ತಿದಾರೆ. ಕಿಚನ್ ಇರೋದೇ ನೋಡು. ನಾಲ್ಕು ಒಲೆ ಇದ್ಯಾ ಅಂತ ಖಾತ್ರಿ ಮಾಡ್ಕೋ, ಹೋದ ಸಲ ಎರಡೇ ಇತ್ತು. ಪಾಪ, ನಿನಗೆ ತುಂಬ ಕಷ್ಟ ಆಯ್ತು."

"ಹೂಂ, ನೋಡ್ತೀನಿ," ಎಂದಳು.

ಫೋನು ಇಟ್ಟ ಮೇಲೆ ಅವನು ಕಳಿಸಿದ ಲಿಂಕಿನ ಫ್ಲ್ಯಾಟು ನಾಲ್ಕು ಒಲೆಯದೇ. ಫೋಟೋದಲ್ಲಿ ಒಲೆ ಫಳಫಳ ಹೊಳೆಯುತ್ತಿತ್ತು. ಜಯಾ ಅದನ್ನು ಒಂದು ನಿಮಿಷ ನೋಡಿದಳು. ಆಮೇಲೆ ಹುಡುಕುವ ಜಾಗದಲ್ಲಿ ವಾಟ್ ಫೋ ಎಂದು ಬರೆದಳು. ನದಿಯ ದಂಡೆಯಲ್ಲಿ, ದೇವಸ್ಥಾನಕ್ಕೆ ನಡೆದು ಹೋಗುವಷ್ಟು ಹತ್ತಿರ, ಒಂದು ಹಳೆಯ ಹೋಟೆಲಿತ್ತು. ಹನ್ನೊಂದು ಜನಕ್ಕೆ ಐದು ರೂಮು. ಬೆಳಗಿನ ತಿಂಡಿ ಅವರದೇ. ರೂಮಿನಲ್ಲಿ ನೀರು ಕಾಯಿಸುವ ಕೆಟಲ್ ಬಿಟ್ಟು ಏನೂ ಇಲ್ಲ. ಒಲೆ ತರುವಂತಿಲ್ಲ ಎಂದು ನಿಯಮಗಳಲ್ಲಿ ಸ್ಪಷ್ಟವಾಗಿ ಬರೆದಿತ್ತು.

ತಾನು ಹಗಲು ಹುಟ್ಟಿದವಳೋ, ಕತ್ತಲಾದ ಮೇಲೋ, ಹೇಳುವವರು ಇನ್ನು ಯಾರೂ ಉಳಿದಿಲ್ಲ. ಅಂದ ಮೇಲೆ ತನಗೆ ಬೇಕಾದ್ದನ್ನು ತಾನೇ ಇಟ್ಟುಕೊಳ್ಳಬಹುದಲ್ಲ. ಕತ್ತಲಾದ ಮೇಲೆ, ಎಂದು ಅವಳು ತೀರ್ಮಾನಿಸಿದಳು.

ಬುಕಿಂಗಿಗೆ ಎರಡು ಬಗೆ ಇತ್ತು, ಆಮೇಲೆ ರದ್ದು ಮಾಡಬಹುದಾದದ್ದು, ರದ್ದು ಮಾಡಲು ಬಾರದ್ದು. ಎರಡನೆಯದನ್ನು ಒತ್ತಿದಳು. ಹನ್ನೊಂದು ಹೆಸರನ್ನೂ ತುಂಬಿದಳು, ಮೊದಲಿಗೆ ತನ್ನದು. ಆಮೇಲೆ ಮೂರು ಮನೆಯ ವಾಟ್ಸಾಪ್ ಗುಂಪಿಗೆ ಬರೆದಳು: "ರೂಮು ಬುಕ್ ಆಯ್ತು. ಅಡುಗೆಮನೆ ಇಲ್ಲ. ಅತ್ತೆಯ ಊಟಕ್ಕೆ ಅಂಗಡಿ ಗೊತ್ತುಮಾಡಿದೀನಿ. ಬೆಳಿಗ್ಗೆ ಎಂಟಕ್ಕೆ ನಾನು ದೇವಸ್ಥಾನಕ್ಕೆ ಹೊರಡ್ತೀನಿ, ಬರೋರು ಬನ್ನಿ."