ಮೈಯೊಳಗಿನ ಕಾವು

ಮೇ ತಿಂಗಳ ಸೋಲಾಪುರದಲ್ಲಿ ನಲ್ಲಿಯ ನೀರೂ ಸುಡುತ್ತದೆ. ಅಂಥ ಮಧ್ಯಾಹ್ನದಲ್ಲೂ ಮಾವಶಿಯ ಕೈ ತಣ್ಣಗಿರುತ್ತಿತ್ತು. ರೊಟ್ಟಿ ಬಡಿದು ಬಡಿದು ಅಗಲವಾಗಿದ್ದ, ಉಗುರ ಸಂದಿಯಲ್ಲಿ ಅರಿಷಿಣ ಕೂತಿದ್ದ ಕೈ. ಒಲೆ ಮುಂದಿನಿಂದ ಎದ್ದು ಬಂದಾಗಲೂ ಅದು ಬೆಚ್ಚಗಾಗಿದ್ದನ್ನು ನಾನು ಕಾಣೆ. ತಾಟು ಇಡುವ ಮೊದಲು ಗಿರಾಕಿಯ ಮಣಿಕಟ್ಟು ಹಿಡಿಯುವುದು ಅವಳ ರೂಢಿ. ಹೊಸಬರು ಬೆಚ್ಚಿಬೀಳುತ್ತಿದ್ದರು.

ವಿಜಾಪುರ ರಸ್ತೆಯ ಒಂದು ಸಂದಿಯಲ್ಲಿ ಅವಳ ಖಾನಾವಳಿ. ದಿನಾ ಕುಂಭಾರಿ ಹಳ್ಳಿಯಿಂದ ಬಸ್ಸಿಗೆ ಬರುತ್ತಿದ್ದಳು. ನನಗೆ ಬಂಧುವೇನಲ್ಲ, ಎಲ್ಲರಿಗೂ ಅವಳು ಮಾವಶಿಯೇ, ಚಿಕ್ಕಮ್ಮನೇ. ನಾನು ಅಕ್ಕಲಕೋಟದಿಂದ ಬಂದು ಹೋಗುವ ಕಾರಕೂನ. ಕಚೇರಿಯ ಮಗ್ಗುಲಲ್ಲೇ ಮಿರ್ಚಿ ಭಜಿ ಸಿಗುತ್ತಿದ್ದುದರಿಂದ ಮೈ ಬೆಳೆಸಿಕೊಂಡಿದ್ದೆ. ಮೆಟ್ಟಿಲು ಹತ್ತಿದರೆ ಮೊಣಕಾಲು ಕಿರುಗುಟ್ಟುತ್ತಿತ್ತು, ಬೆಳಿಗ್ಗೆ ಬೆರಳು ಬಾತಿರುತ್ತಿದ್ದವು. ಯಾರಿಗೂ ಹೇಳಿರಲಿಲ್ಲ.

ಮೊದಲ ದಿನವೇ ಅವಳು ನನ್ನ ಕೈ ಹಿಡಿದು ಬಹಳ ಹೊತ್ತು ಬಿಡಲಿಲ್ಲ.

"ತಮ್ಮಾ, ಹೊಟ್ಟಿ ಸುತ್ತ ಕೆಂಡ ಕಟಗೊಂಡು ಅಡ್ಡಾಡಾಕತ್ತೀಯಲ್ಲೋ."

"ಜ್ವರ ಇಲ್ರಿ ಮಾವಶಿ," ಎಂದು ನಕ್ಕೆ.

"ಜ್ವರ ಅಲ್ಲ. ಬೂದ್ಯಾಗಿನ ಕೆಂಡ. ದವಾಖಾನಿಗೆ ಹೋಗು."

ಎಂಟು ದಿನದ ಮೇಲೆ ದವಾಖಾನೆಗೆ ಹೋದೆ. ಡಾಕ್ಟರು ರಕ್ತದ ವರದಿ ನೋಡುತ್ತ, ಹೊಟ್ಟೆಯ ಕೊಬ್ಬು ಸುಮ್ಮನೆ ಕೂತಿಲ್ಲ, ಒಳಗೊಳಗೇ ಉರಿಯೂತ ಎಬ್ಬಿಸುತ್ತಿದೆ, ಬೂದಿ ಮುಚ್ಚಿದ ಕೆಂಡದ ಹಾಗೆ ಎಂದು ಮರಾಠಿಯಲ್ಲಿ ಹೇಳಿದರು. ಮಾವಶಿ ಹೇಳಿದ್ದೂ ಇದೇ ಮಾತು.

ಅಂದಿನಿಂದ ಮಾವಶಿಯ ಖಾನಾವಳಿಯಲ್ಲಿ ನನ್ನ ತಾಟು ಬೇರೆಯಾಯಿತು. ಜೋಳದ ರೊಟ್ಟಿ, ಅಗಸಿ ಹಿಂಡಿ ಎಂಬ ಅಗಸೆ ಬೀಜದ ಚಟ್ನಿಪುಡಿ, ಮೆಂತ್ಯ ಪಲ್ಯ, ಹಸಿ ಉಳ್ಳಾಗಡ್ಡಿ. ಬ್ಯಾಳಿ ಸಾರಿಗೆ ಅರಿಷಿಣದ ಸಂಗಡ ಕರಿಮೆಣಸು ಕುಟ್ಟಿ ಹಾಕುತ್ತಿದ್ದಳು. "ಒಂಟಿ ಅರಿಷಿಣ ಮೈಗೆ ಹತ್ತೂದಿಲ್ಲ, ಜೋಡಿ ಬೇಕು," ಎನ್ನುತ್ತಿದ್ದಳು. ಡಾಕ್ಟರಿಗೆ ಹೇಳಿದಾಗ ಅವರು ತಲೆಯಾಡಿಸಿದರು. ಈ ಪದಾರ್ಥಗಳಲ್ಲಿ ಉರಿಯೂತ ತಗ್ಗಿಸಲು ನೆರವಾಗಬಹುದಾದ ಅಂಶಗಳಿವೆ, ಆದರೆ ಗುಳಿಗೆ, ನಡಿಗೆ ಬಿಡಬೇಡಿ ಎಂದರು.

ನನ್ನ ಎದುರಿಗೆ ಒಬ್ಬ ದಪ್ಪನೆಯ ಡ್ರೈವರ್ ದಿನಾ ಉಣ್ಣಲು ಕೂಡುತ್ತಿದ್ದ, ನಗೆಚಾಟಿಕೆಯ ಮನುಷ್ಯ. ಒಂದು ಮಧ್ಯಾಹ್ನ ಮಾವಶಿ ಅವನ ಕೈ ಹಿಡಿದವಳೇ ತಾಟನ್ನು ಹಿಂದಕ್ಕೆಳೆದಳು.

"ಅಣ್ಣಾ, ಇವತ್ತ ನಿನಗ ಊಟಿಲ್ಲ. ಈಗಿಂದೀಗ ದವಾಖಾನಿಗೆ ನಡಿ."

"ನಿನ್ನ ಅಗಸಿ ಹಿಂಡಿ ಎಲ್ಲಿ ಹೋತು ಮಾವಶಿ? ಎರಡು ಚಮಚ ಹೆಚ್ಚು ಹಾಕು!"

"ಅದು ದಿನಾ ಚೂರು ಚೂರು ಕೆಲಸ ಮಾಡತದ. ಉರಿ ಮಾಳಗಿ ಮುಟ್ಟಿದ ಮ್ಯಾಲ ಹಿಂಡಿ ಏನ್ ಮಾಡೀತು?"

ಅವನು ನಗುತ್ತಲೇ ಎದ್ದು ಎದುರಿನ ಹೋಟೆಲಿಗೆ ಹೋದ. ಮರುದಿನ ಅವನು ಬರಲಿಲ್ಲ. ಎದೆ ಹಿಡಿದುಕೊಂಡು ಬಿದ್ದನಂತೆ, ದವಾಖಾನೆ ಮುಟ್ಟಲಿಲ್ಲವಂತೆ. ಮಾವಶಿ ಸುದ್ದಿ ಕೇಳಿ ಅಳಲಿಲ್ಲ. ತನ್ನ ಎರಡೂ ಅಂಗೈಗಳನ್ನು ನೋಡಿಕೊಳ್ಳುತ್ತ ಕೂತಳು. ಒಲೆಯ ಮೇಲಿನ ರೊಟ್ಟಿ ಕರಕಾಯಿತು.

ಗಿರಾಕಿಗಳೆಲ್ಲ ಹೋದ ಮೇಲೆ ಕೇಳಿದೆ: "ನಿಮಗ ಹೆಂಗ ತಿಳೀತದ್ರಿ?"

"ನಮ್ಮ ಮನಿಯವರೂ ಹಿಂಗಽ ದಪ್ಪ ಇದ್ರು. ಕಾಲು ಬಾತು ಸುಡ್ತಿದ್ವು. ದಿನಾ ತಿಕ್ತಿದ್ದೆ. ಗುಳಿಗಿ ಬ್ಯಾಡ, ನನ್ನ ಕಷಾಯ ಸಾಕು ಅಂತ ನಾನಽ ಬಂದ್ ಮಾಡ್ಸಿದೆ." ಒಲೆಯ ಬೂದಿ ಕೆದಕಿದಳು. "ನನ್ನ ಕೈಯಾಗಽ ಹೋದ್ರು ತಮ್ಮಾ. ಅವತ್ತ ತಣ್ಣಗಾದ ಕೈ ಇದು. ಯಾರನ್ನ ಮುಟ್ಟಿದ್ರೂ ಮೊದಲ ನಮ್ಮ ಮನಿಯವರ ಕಾಲಿನ ಕಾವಽ ತಿಳೀತದ."

ಅವಳೊಂದಿಗೆ ಒಳಗೆ ಇನ್ನೊಬ್ಬರು ಕೂತಿದ್ದಾರೆ ಎನಿಸಿ, ನಾನು ತಿರುಗಿ ನೋಡದೆ ಹೊರಬಂದೆ.

ಎರಡು ವರ್ಷ ಅವಳ ಅನ್ನ ಉಂಡೆ, ಗುಳಿಗೆ ನುಂಗಿದೆ, ನಡೆದೆ. ಮೈ ಇಳಿಯಿತು, ವರದಿಗಳು ಸುಧಾರಿಸಿದವು. ಒಂದು ಶನಿವಾರ ಅವಳು ನನ್ನ ಮಣಿಕಟ್ಟು ಹಿಡಿದು ಕಣ್ಣು ಮುಚ್ಚಿದಳು.

"ಏನೂ ತಿಳೀವಲ್ದು," ಎಂದು ಮೊದಲ ಬಾರಿ ನಕ್ಕಳು. "ನಾಳಿಯಿಂದ ಮನ್ಯಾಗಽ ಉಣ್ಣು."

ಸೋಮವಾರ ರೂಢಿಯಿಂದ ಅತ್ತ ಹೋದರೆ ಖಾನಾವಳಿಗೆ ಕೀಲಿ ಬಿದ್ದಿತ್ತು. ಪಕ್ಕದ ಅಂಗಡಿಯವರು, ಮಾವಶಿ ನಿನ್ನೆ ನಸುಕಿನಲ್ಲಿ ಮಲಗಿದಲ್ಲೇ ಹೋದಳು ಎಂದರು. ಕುಂಭಾರಿಗೆ ಹೋದೆ. ಬಾಗಿಲಲ್ಲಿ ಕೂತಿದ್ದ ಅವಳ ಮಗಳಿಗೆ ನಾನು ಯಾರೆಂದು ಗೊತ್ತಿರಲಿಲ್ಲ.

"ಶನಿವಾರ ಅವ್ವ ಭಾಳ ಖುಷಿಲಿ ಬಂದಳ್ರಿ," ಎಂದಳು. "ಅಪ್ಪನ ಫೋಟೋ ಮುಂದ ಕುಂತು 'ಒಬ್ಬಾಂವ ಉಳದ' ಅಂದಳು. ಯಾರಂತ ಹೇಳಲೇ ಇಲ್ಲ."

"ನಾನು," ಎಂದೆ.