ಸುಣ್ಣದ ಗೋಡೆಗಳ ಹೆಡ್‌ಮಾಸ್ತರರು

ನಮ್ಮ ಹೆಡ್‌ಮಾಸ್ತರರ ಚಪ್ಪಲಿ ಅಸಲಿಗೆ ಕರಿಯವು. ಆದರೆ ಅವು ಕರ್ರಗಿದ್ದದ್ದನ್ನು ನಾನು ಮಳೆಗಾಲದಲ್ಲಿ ಮಾತ್ರ ನೋಡಿದ್ದೇನೆ. ಮಳೆ ನಿಂತು ಮೈದಾನ ಒಣಗಿತೆಂದರೆ ಸುಣ್ಣದ ಪುಡಿಯ ಡಬ್ಬಿ ಹಿಡಿದು ಇಳಿದುಬಿಡುತ್ತಿದ್ದರು. ಅಲ್ಲಿಂದ ಬೇಸಿಗೆ ಮುಗಿಯುವ ತನಕ ಅವರ ಚಪ್ಪಲಿ, ಹಿಮ್ಮಡಿ, ಧೋತರದ ಕೆಂಪು ದಡಿ ಎಲ್ಲವೂ ಬೆಳ್ಳಗೆ.

ದಾಂಡೇಲಿಗೆ ಕಾಗದದ ಮಿಲ್ಲು ಬಂದು ಕೆಲವೇ ವರ್ಷಗಳಾಗಿದ್ದವು. ಧಾರವಾಡ, ಬೆಳಗಾವಿ ಕಡೆಯಿಂದ ನಮ್ಮಂಥ ಸಂಸಾರಗಳು ಬಂದು ತುಂಬಿಕೊಂಡಿದ್ದವು. ಮಕ್ಕಳ ಹೈಸ್ಕೂಲು ಮಾತ್ರ ಕಟ್ಟಿಗೆ ಇಡುತ್ತಿದ್ದ ಒಂದು ಹಳೆಯ ಶೆಡ್ಡಿನಲ್ಲಿತ್ತು. ಮೇಲೆ ತಗಡು, ನಡುವೆ ಗೋಣಿತಟ್ಟಿನ ಪರದೆ. ಆ ಕಡೆ ಇತಿಹಾಸ ನಡೆದರೆ ಈ ಕಡೆ ಗಣಿತದವರೂ ಅದನ್ನೇ ಕೇಳಬೇಕು. ಗಂಟೆಯ ಕೆಲಸವನ್ನು ಪಾಳಿ ಬದಲಿಗೆ ಕೂಗುವ ಮಿಲ್ಲಿನ ಭೋಂಗಾ ಮಾಡುತ್ತಿತ್ತು.

ಹೆಡ್‌ಮಾಸ್ತರರ ತಲೆಯಲ್ಲಿ ಬೇರೆಯೇ ಒಂದು ಶಾಲೆ ಇತ್ತು. ಅದನ್ನೇ ಅವರು ಮೈದಾನದಲ್ಲಿ ಸುಣ್ಣದಿಂದ ಬರೆಯುತ್ತಿದ್ದದ್ದು. ರಸ್ತೆಗೆ ಕಾಣದ ಮೂಡಣ ಮೂಲೆಯಲ್ಲಿ, ಬೆಳಕು ಚೆನ್ನಾಗಿ ಬೀಳುವ ಕಡೆ, ವಿಜ್ಞಾನದ ಖೋಲಿ. ಅದರಲ್ಲಿ ಬೆಂಚಿನ ಸಾಲು ಇರಕೂಡದು. ನಡುವೆ ದೊಡ್ಡ ಮೇಜು, ಹುಡುಗರು ಸುತ್ತ ನಿಂತು ಕೈಯಾರೆ ಮಾಡಿ ಕಲಿಯಬೇಕು. ಆಚೆಗೆ ಕೀಲಿ ಹಾಕದ ವಾಚನಾಲಯ. ಸಾಗವಾನಿಯ ಊರಾದ್ದರಿಂದ ಬಡಗಿ ಕೆಲಸಕ್ಕೂ ಒಂದು ಖೋಲಿ. “ಹತ್ತು ವರ್ಷದ ಕೆಲಸಾ ಐತಿ. ಇವತ್ತ ಸುರು ಮಾಡೂಣು” ಎನ್ನುತ್ತಿದ್ದರು. ಪ್ರತಿ ವರ್ಷವೂ ಅದು ಹತ್ತೇ ವರ್ಷ, ಒಂದೂ ಕಡಿಮೆಯಾಗುತ್ತಿರಲಿಲ್ಲ.

ಗೆರೆ ಎಳೆದ ಮೇಲೆ ಪಾಠ ಆ ಗೆರೆಗಳ ಒಳಗೇ. ಬಾಗಿಲೆಂದು ಬಿಟ್ಟ ಜಾಗದಿಂದಲೇ ಬರಬೇಕು, ಗೋಡೆ ದಾಟಿದವರು ವಾಪಸು ಹೋಗಿ ಬರಬೇಕು. ಉಳಿದ ಮಾಸ್ತರರು ಇದೆಂಥ ಮಕ್ಕಳಾಟ ಎಂದು ಗೊಣಗುತ್ತಿದ್ದರು, ಆದರೂ ಬಾಗಿಲಿನಿಂದಲೇ ಬರುತ್ತಿದ್ದರು. ಕಟ್ಟಡ ಕೇಳಲು ಹೆಡ್‌ಮಾಸ್ತರರು ಆಗಾಗ ಬಸ್ಸು ಹತ್ತಿ ಕಾರವಾರಕ್ಕೆ ಹೋಗುತ್ತಿದ್ದರು. ಮರುದಿನ ಅವರ ಮುಖ ನೋಡಿದರೆ ಏನಾಯಿತೆಂದು ಕೇಳುವ ಅಗತ್ಯ ಇರುತ್ತಿರಲಿಲ್ಲ.

ಒಂದು ವರ್ಷ ಇನ್‌ಸ್ಪೆಕ್ಟರ್ ಸಾಹೇಬರು ಬಂದರು. ನೆಟ್ಟಗೆ ನಮ್ಮ ಕಡೆ ನಡೆದು ಬರುತ್ತಿದ್ದವರನ್ನು ನೋಡಿ ಇಡೀ ವರ್ಗ ಒಟ್ಟಿಗೆ ಚೀರಿತು: “ಸಾಹೇಬ್ರ, ಗ್ವಾಡಿ ಐತ್ರಿ!”

ಎತ್ತಿದ ಬೂಟು ಹಾಗೇ ನಿಂತಿತು. “ಬಾಗಲಾ ಈ ಕಡೆ ಐತ್ರಿ ಸಾಹೇಬ್ರ” ಎಂದರು ಹೆಡ್‌ಮಾಸ್ತರರು, ಒಂದಿಷ್ಟೂ ನಗದೆ. ಸಾಹೇಬರು ಸುತ್ತು ಹಾಕಿ ಬಾಗಿಲಿನಿಂದ ಒಳಗೆ ಬಂದರು. ಹೊರಡುವಾಗ, ಈ ಸಲ ಒಂದು ಖೋಲಿ ಮಂಜೂರು ಮಾಡಿಸುತ್ತೇನೆ, ಯಾವುದೆಂದು ನೀವೇ ಹೇಳಿ ಎಂದರು. ಅದನ್ನು ಕೇಳಬೇಕೇ? ಹೆಡ್‌ಮಾಸ್ತರರು ಆಗಲೇ ವಿಜ್ಞಾನದ ಖೋಲಿಯ ಗೆರೆಯ ಮೇಲೆ ಇನ್ನೊಂದು ಕೈ ಸುಣ್ಣ ಉದುರಿಸುತ್ತಿದ್ದರು.

ಅದೇ ತಿಂಗಳು ನನ್ನನ್ನು ಶಾಲೆ ಬಿಡಿಸಿದರು. ನಾನು ದೊಡ್ಡವಳಾಗಿದ್ದೆ. ಶಾಲೆಯಲ್ಲಿ ಹುಡುಗಿಯರಿಗೆ ಸಂಡಾಸಿರಲಿಲ್ಲ, ಬಾಗಿಲು ಹಾಕಿಕೊಳ್ಳಲು ಒಂದು ಮೂಲೆಯೂ ಇರಲಿಲ್ಲ. ಬಾವಿ ಎದುರಿಗೇ ಇದ್ದರೂ ನಾವು ಹುಡುಗಿಯರು ಸಂಜೆಯ ತನಕ ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ. ಈಗ ತಿಂಗಳ ಆ ದಿನಗಳಲ್ಲಿ ಅಷ್ಟರಿಂದಲೂ ಸುಧಾರಿಸುವಂತಿರಲಿಲ್ಲ. ನನಗಿಂತ ದೊಡ್ಡ ಹುಡುಗಿಯರೂ ಒಬ್ಬೊಬ್ಬರಾಗಿ ಹೀಗೇ ಮನೆ ಸೇರಿದ್ದರು.

ಒಂದು ಸಂಜೆ ಹೆಡ್‌ಮಾಸ್ತರರು ನಮ್ಮ ಮನೆಗೆ ಬಂದರು. ಅಪ್ಪ ಪಾಳಿಗೆ ಹೋಗಿದ್ದ. ಕಟ್ಟೆಯ ಮೇಲೆ ಕೂತು, “ತಾಯೀ, ಹುಡುಗಿ ಭಾಳ ಶಾಣ್ಯಾ ಅದಾಳ. ಮ್ಯಾಟ್ರಿಕ್ ಪಾಸಾಗ್ತಾಳ. ಯಾಕ ಬಿಡಿಸೀರಿ?” ಎಂದರು.

ಅವ್ವ ಬಾಗಿಲ ಮರೆಯಲ್ಲಿ ನಿಂತು ಹೇಳಿದಳು: “ಪಾಠಕ್ಕ ಸುಣ್ಣದ ಗ್ವಾಡಿ ಸಾಕಾಗ್ತಾವ್ರಿ ಸರ. ಬೆಳದ ಹುಡುಗ್ಯಾರಿಗೆ ಖರೇ ಗ್ವಾಡಿ ಬೇಕಾಗ್ತಾವ.”

ಹೆಡ್‌ಮಾಸ್ತರರು ತಮ್ಮ ಬೆಳ್ಳಗಿನ ಚಪ್ಪಲಿ ನೋಡಿಕೊಂಡರು. “ಇಷ್ಟು ವರ್ಷಾತು, ನನಗ ಇದು ಹೊಳೀಲೇ ಇಲ್ಲ ನೋಡ್ರಿ” ಎಂದು ಮೊಣಕಾಲಿಗೆ ಕೈ ಕೊಟ್ಟು ಎದ್ದರು. ಆಗ ಅವರಿಗೆ ಅಂಥ ವಯಸ್ಸೇನೂ ಆಗಿರಲಿಲ್ಲ, ಆದರೆ ಹೋಗುವಾಗ ಮುದುಕರಂತೆ ಕಂಡರು.

ಮರುದಿನ ವಿಜ್ಞಾನದ ಖೋಲಿಯನ್ನು ತಮ್ಮ ಚಪ್ಪಲಿಯಿಂದಲೇ ತಿಕ್ಕಿ ಅಳಿಸಿದರಂತೆ. ಮಂಜೂರಾದ ಒಂದೇ ಖೋಲಿ ಆ ಮೂಲೆಯಲ್ಲಿ ಇಟ್ಟಿಗೆ ಗೋಡೆಯ ಹುಡುಗಿಯರ ಖೋಲಿಯಾಗಿ ಎದ್ದಿತು, ಅದಕ್ಕೆ ಹೊಂದಿ ಸಂಡಾಸು, ಒಳಗಿನಿಂದ ಹಾಕುವ ಚಿಲಕ. ಪ್ರಯೋಗಶಾಲೆ ಬಿಟ್ಟು ಸಂಡಾಸು ಕಟ್ಟಿಸಿದರೆಂದು ಮಾಸ್ತರರ ನಡುವೆ ನಗೆ ನಡೆಯಿತು. ಹೆಡ್‌ಮಾಸ್ತರರಿಗೂ ಅದು ಕೇಳಿಸಿತ್ತು. ಅವರ ಜೀವ ಆ ವಿಜ್ಞಾನದ ಖೋಲಿಯಲ್ಲೇ ಇತ್ತೆಂದು ನನಗೆ ಗೊತ್ತು. ನಾನು ಶಾಲೆಗೆ ಮರಳಿದ ದಿನ ಬಾವಿಗೆ ಹೋಗಿ ಹೊಟ್ಟೆ ತುಂಬ ನೀರು ಕುಡಿದೆ. ಮ್ಯಾಟ್ರಿಕ್ ಪಾಸಾದ ದಿನವೂ ಅಷ್ಟು ಸಂತೋಷವಾಗಲಿಲ್ಲ.

ಪಾಸಾದದ್ದಕ್ಕೆ ಪೇಡೆ ತೆಗೆದುಕೊಂಡು ಹೋದಾಗ ಅವರು ಮೈದಾನದಲ್ಲಿದ್ದರು. ಪಡುವಣ ಬದಿಗೆ ವಿಜ್ಞಾನದ ಖೋಲಿಯನ್ನು ಮತ್ತೆ ಬರೆಯುತ್ತಿದ್ದರು.

“ಈ ಸಲನಾದ್ರೂ ಆಗತೈತೇನ್ರಿ ಸರ?” ಎಂದು ಕೇಳಿದೆ.

“ಆಗೂದಿಲ್ಲ ಬಿಡವ್ವಾ. ಆದ್ರ ಎಲ್ಲಿ ಆಗಬೇಕನ್ನೂದು ನಾವು ಮರೀಬಾರ್ದಲ್ಲ.” ಪೇಡೆಯನ್ನು ಸುಣ್ಣದ ಕೈಯಲ್ಲೇ ಬಾಯಿಗೆ ಹಾಕಿಕೊಂಡರು.

ಅವರ ಕಾಲದಲ್ಲಿ ಅದು ಆಗಲಿಲ್ಲ. ಮುಂದೆ ನಾನು ಅದೇ ಶಾಲೆಯಲ್ಲಿ ಕಲಿಸಲು ಸೇರಿದೆ. ಸೇರಿದ ಮೊದಲ ಮಳೆಗಾಲದಲ್ಲೇ ಅವರು ಜ್ವರ ಬಂದು ಮಲಗಿದರು, ಮತ್ತೆ ಮೇಲೇಳಲಿಲ್ಲ. ಮಳೆ ನಿಂತಿತು, ಮೈದಾನ ಒಣಗಿತು, ಡಬ್ಬಿ ಮುಟ್ಟುವವರಿಲ್ಲ. ನನಗೂ ಯಾವ ಆಸೆಯೂ ಉಳಿದಿರಲಿಲ್ಲ. ನಿಜ ಹೇಳಬೇಕೆಂದರೆ, ಎಲ್ಲದರ ಮೇಲೂ ಬೇಸರ ಬಂದುಹೋಗಿತ್ತು. ಆದರೂ ಒಂದು ಮಧ್ಯಾಹ್ನ ಡಬ್ಬಿ ಎತ್ತಿಕೊಂಡು ಮೈದಾನಕ್ಕೆ ಇಳಿದೆ. ಹುಡುಗಿಯರ ಖೋಲಿಯಿಂದ ಅಂದಾಜು ಹಿಡಿದು ಪಡುವಣ ಬದಿಗೆ ವಿಜ್ಞಾನದ ಖೋಲಿ ಬರೆದೆ. ಬಾಗಿಲಿಗೆ ಜಾಗ ಬಿಟ್ಟೆ.

ಸಂಜೆ ಮನೆಗೆ ಬಂದಾಗ ಅವ್ವ ನನ್ನ ಚಪ್ಪಲಿ ನೋಡಿದಳು. ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದು ನನ್ನ ಕಾಲ ಮೇಲೆ ಸುರಿದಳು.